ಹಿಂದಿನಿಂದ ಗುಂಯ್, ಕಟಕಟ, ಠಣ್: ಸೆಕೆಂಡ್ ಹ್ಯಾಂಡ್ ಯುಟಿವಿಯ ಡಿಫರೆನ್ಷಿಯಲ್ ಬಿಚ್ಚಿಸಬೇಕಾ?

ಮಣ್ಣುಹಾದಿ
ಸೆಕೆಂಡ್ ಹ್ಯಾಂಡ್ ಯುಟಿವಿ (ಕಚ್ಚಾ ಹಾದಿಯಲ್ಲಿ ಓಡೋ ನಾಲ್ಕು ಚಕ್ರದ ಚಿಕ್ಕ ಗಾಡಿ) ತಗೊಂಡಿದ್ದೀನಿ. ಎರಡು ಸೀಟು, ಹಿಂದೆ ಸಾಮಾನು ಹಾಕೋ ಬಾಕ್ಸ್ ಇರೋದು. ಹಿಂಭಾಗದಿಂದ ಮೂರು ಥರ ಸದ್ದು ಬರ್ತಿದೆ. ವೇಗ 25 ಕಿ.ಮೀ. ದಾಟಿದ್ರೆ ಗುಂಯ್ ಅಂತ ಶುರುವಾಗಿ ವೇಗದ ಜೊತೆಗೇ ಏರುತ್ತೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದ್ರೆ ಠಣ್ ಅಂತ ಒಂದು ಏಟು. ದಿಬ್ಬ ಹತ್ತುವಾಗ ಆಗಾಗ ಕಟಕಟ. ಗೇರ್‌ಬಾಕ್ಸ್‌ನಿಂದ ಹಿಂದಿನ ಡಿಫರೆನ್ಷಿಯಲ್‌ಗೆ (ಎರಡು ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಪ್ರೊಪೆಲ್ಲರ್ ಶಾಫ್ಟ್ (ಆ ಶಕ್ತಿ ಒಯ್ಯೋ ಉದ್ದ ದಂಡ) ಹೋಗೋ ಮಾಡೆಲ್. ಹಳೇ ಮಾಲೀಕ ಸಸ್ಪೆನ್ಷನ್ ಎರಡಿಂಚು ಎತ್ತರಿಸಿದ್ದಾನೆ. ಮಾರೋ ಮುಂಚೆ ಗೇರ್ ಆಯಿಲ್ ಹೊಸದು ಹಾಕಿಸಿದ್ದೀನಿ ಅಂದ. ಡಿಫರೆನ್ಷಿಯಲ್ ಇಳಿಸಿ ಬಿಚ್ಚಿಸೋದಾ?

ಗ್ರೀಸ್‌ಕೈ
ಬಿಚ್ಚಿಸಿ. ಗುಂಯ್ ಅಂದ್ರೆ ಡಿಫರೆನ್ಷಿಯಲ್ ಒಳಗಿನ ಕ್ರೌನ್-ಪಿನಿಯನ್ (ದೊಡ್ಡ ಗೇರು, ಅದನ್ನ ತಿರುಗಿಸೋ ಚಿಕ್ಕ ಗೇರು), ಠಣ್ ಅಂದ್ರೆ ಅದರ ಹಲ್ಲು ಸವೆದು ಸಂದು ಜಾಸ್ತಿ ಆಗಿದೆ. ಮಾರೋ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದವನು ಸುಮ್ಮನೆ ಬದಲಿಸಿರಲ್ಲ. ದಪ್ಪ ಆಯಿಲ್ ಹಾಕಿದ್ರೆ ಸವೆದ ಗೇರಿನ ಸದ್ದು ಸ್ವಲ್ಪ ದಿನ ಅಡಗುತ್ತೆ. ಓಡಿಸ್ತಾ ಓಡಿಸ್ತಾ ಪಿನಿಯನ್ ಬೇರಿಂಗ್ ಹಿಡ್ಕೊಂಡ್ರೆ ಕೇಸಿಂಗೇ ಒಡೆಯುತ್ತೆ. ಆಮೇಲೆ ಖರ್ಚು ಎಲ್ಲಿಗೆ ಹೋಗುತ್ತೆ ನೋಡ್ಕೊಳ್ಳಿ.

ಹಳೇಪಾನಾ
ಆಯಿಲ್ ಮಾತು ಒಪ್ಪಿದೆ. ಉಳಿದಿದ್ದು ಅವಸರ. ಮೂರು ಸದ್ದಿಗೂ ಒಂದೇ ಕಾರಣ ಇರ್ಲೇಬೇಕು ಅಂತ ಯಾರು ಹೇಳಿದ್ದು? ಹಳೇ ಗಾಡಿಯಲ್ಲಿ ಮೂರು ಸದ್ದು ಇದ್ರೆ ಮೂರು ಕಡೆ ಸವೆತ ಇರೋದೇ ಹೆಚ್ಚು.

ಮಣ್ಣುಹಾದಿಯವರೇ, ಮೊದಲು ಡಿಫರೆನ್ಷಿಯಲ್‌ನ ಡ್ರೈನ್ ನಟ್ ಬಿಚ್ಚಿ, ಆಯಿಲನ್ನು ತೊಳೆದ ಬಟ್ಟಲಿಗೆ ಇಳಿಸಿ. ನಟ್ಟಿನ ತುದಿಯಲ್ಲಿರೋ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಪೇಸ್ಟ್ ಇದ್ರೆ ಚಿಂತೆ ಇಲ್ಲ, ಎಲ್ಲಾ ಗೇರೂ ಅಷ್ಟು ಸವೆಯುತ್ತೆ. ಎರಡು ಬೆರಳ ನಡುವೆ ಉಜ್ಜಿದಾಗ ಚುಚ್ಚೋ ಚೂರು ಸಿಕ್ಕಿದ್ರೆ ಗ್ರೀಸ್‌ಕೈ ಹೇಳಿದ ಹಾಗೆ ಬಿಚ್ಚಿಸಲೇಬೇಕು. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ರೆ ನೀರು ಒಳಗೆ ಹೋಗಿದೆ. ಬಿಸಿಯಾದ ಕೇಸಿಂಗ್ ನೀರಲ್ಲಿ ಇಳಿದಾಗ ದಿಢೀರ್ ತಣ್ಣಗಾಗಿ ಬ್ರೀದರ್ ಪೈಪಿಂದ (ಒಳಗೆ ಹೊರಗೆ ಗಾಳಿ ಆಡೋ ಕೊಳವೆ) ನೀರು ಎಳ್ಕೊಳ್ಳುತ್ತೆ. ಆ ಪೈಪು ಬಿರುಕು ಬಿಟ್ಟಿದೆಯಾ, ತುದಿ ಎಷ್ಟು ಎತ್ತರಕ್ಕಿದೆ ಅಂತಾನೂ ನೋಡಿ.

ಕೆಸರುಗಾಲಿ
ಟೈರ್ ಯಾವುದು ಅಂತ ಯಾರೂ ಕೇಳ್ಲಿಲ್ವಲ್ಲ! ದಪ್ಪ ಗಟ್ಟೆಯ ಮಡ್ ಟೈರ್ ಗಟ್ಟಿ ನೆಲದ ಮೇಲೆ ಗುಂಯ್ ಅನ್ನೋದು ಅದರ ಹುಟ್ಟುಗುಣ. ಅದೇ ವೇಗದಲ್ಲಿ ಗಟ್ಟಿ ನೆಲದಿಂದ ಮೆತ್ತಗಿನ ಮಣ್ಣಿಗೆ ಇಳಿಸಿ. ಸದ್ದು ಮಾಯವಾದ್ರೆ ಟೈರ್, ಹಾಗೇ ಇದ್ರೆ ಲೋಹ.

ಇನ್ನೊಂದು ವಿಷಯ, ಹಿಂದಿನ ಡಿಫರೆನ್ಷಿಯಲ್ ಲಾಕ್ ಹಾಕ್ಕೊಂಡೇ ಗಟ್ಟಿ ನೆಲದಲ್ಲಿ ತಿರುಗಿಸ್ತಿದ್ದೀರಾ? ಲಾಕ್ ಇದ್ದಾಗ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಬೇಕು, ಆದ್ರೆ ತಿರುವಲ್ಲಿ ಹೊರಗಿನ ಚಕ್ರಕ್ಕೆ ಹೆಚ್ಚು ದೂರ. ಟೈರ್ ಉಜ್ಜುತ್ತೆ, ಆಕ್ಸಲ್ ಮುರುಚ್ಕೊಂಡು ಠಣ್ ಅಂತ ಬಿಡಿಸ್ಕೊಳ್ಳುತ್ತೆ. ಅದು ರಿಪೇರಿ ಕೆಲಸ ಅಲ್ಲ, ಲಾಕ್ ತೆಗೆದ್ರೆ ಆಯ್ತು.

ಮಣ್ಣುಹಾದಿ
ಮಣ್ಣಲ್ಲೂ ಗುಂಯ್ ಇದೆ. ಠಣ್ ಅನ್ನೋದು ನೇರ ಹೋಗುವಾಗ, ಲಾಕ್ ಇಲ್ಲದಾಗ್ಲೂ ಬರುತ್ತೆ.

ತಿರುಗುಚಕ್ರ
ಹಾಗಾದ್ರೆ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಕೇಳಿ. ಎಡಕ್ಕೆ ತಿರುಗಿಸಿದಾಗ ಕಟಕಟ ಅಂದ್ರೆ ಒಂದು ಕಡೆಯ ಸಿವಿ ಜಾಯಿಂಟ್ (ಚಕ್ರಕ್ಕೆ ಹೋಗೋ ಆಕ್ಸಲ್ ತುದಿಯ ಬಾಗೋ ಕೀಲು), ಬಲಕ್ಕೆ ಅಂದ್ರೆ ಇನ್ನೊಂದು ಕಡೆದು. ಕಾರಲ್ಲಿ ಎಲ್ಲರೂ ಮಾಡೋ ಪರೀಕ್ಷೆ.

ಹಳೇಪಾನಾ
ಅದು ಮುಂದಿನ ಚಕ್ರದ ಪರೀಕ್ಷೆ. ಹಿಂದಿನ ಚಕ್ರ ಸ್ಟೀರಿಂಗ್ ಜೊತೆ ತಿರುಗಲ್ಲವಲ್ಲ, ಜಾಯಿಂಟಿಗೆ ಕೋನ ಎಲ್ಲಿಂದ ಬರಬೇಕು? ಹಿಂದೆ ಕೋನ ಬರೋದು ಸಸ್ಪೆನ್ಷನ್ ಏರಿಳಿತದಿಂದ. ಎರಡಿಂಚು ಎತ್ತರಿಸಿದ ಗಾಡಿಯಲ್ಲಿ ಜಾಯಿಂಟ್ ಸದಾ ಹೆಚ್ಚು ಕೋನದಲ್ಲೇ ದುಡಿಯುತ್ತೆ. ದಿಬ್ಬದ ಲೋಡಲ್ಲಿ ಕಟಕಟ ಅನ್ನೋದಕ್ಕೆ ನನ್ನ ಮೊದಲ ಅನುಮಾನ ಅದೇ. ಜಾಯಿಂಟ್ ಮುಚ್ಚೋ ರಬ್ಬರ್ ಬೂಟಿನ ಮಡಿಕೆಗಳನ್ನ ಬೆರಳಿಂದ ಬಿಡಿಸಿ ನೋಡಿ, ಸೀಳು ಮಡಿಕೆಯ ಒಳಗೇ ಇರುತ್ತೆ. ಚಕ್ರದ ಒಳಮೈ ಮೇಲೆ ಕಪ್ಪು ಗ್ರೀಸ್ ಚಿಮ್ಮಿದ್ರೆ ಹುಡುಕೋದೇ ಬೇಡ.

ತಿರುಗಿಸೋ ಪರೀಕ್ಷೆ ಬೇರಿಂಗಿಗೆ ಉಪಯೋಗ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆ ಬೀಳುತ್ತೆ. ಆಗ ಗುಂಯ್ ಜೋರಾದ್ರೆ ಹೆಚ್ಚಾಗಿ ಬಲಗಡೆಯ ಚಕ್ರದ ಬೇರಿಂಗ್.

ಗ್ರೀಸ್‌ಕೈ
ಅಷ್ಟೆಲ್ಲ ಯಾಕೆ? ಹಿಂದಿನ ಎರಡು ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗೇರ್ ಹಾಕಿ ಓಡಿಸಿ. ಕಿವಿಗೆ ಎಲ್ಲಾ ಕೇಳುತ್ತೆ.

ಕೆಸರುಗಾಲಿ
ದಯವಿಟ್ಟು ಬೇಡ. ಮುಂದಿನ ಚಕ್ರ ನೆಲದ ಮೇಲಿದ್ದು ಫೋರ್ ವೀಲ್ ಡ್ರೈವ್ ಹಿಡ್ಕೊಂಡ್ರೆ ಗಾಡಿ ಸ್ಟ್ಯಾಂಡಿಂದ ಹಾರಿ ಎದುರಿಗಿದ್ದವರ ಮೇಲೇ ಹೋಗುತ್ತೆ.

ಹಳೇಪಾನಾ
ಸುರಕ್ಷತೆ ಒಂದು. ಅದಕ್ಕಿಂತಲೂ, ಆ ಪರೀಕ್ಷೆ ಸುಳ್ಳು ಹೇಳುತ್ತೆ. ಚಾಸಿ ಹಿಡಿದು ಎತ್ತಿದ್ರೆ ಸಸ್ಪೆನ್ಷನ್ ಪೂರ್ತಿ ಜೋತು ಬೀಳುತ್ತೆ, ಆ ಕೋನದಲ್ಲಿ ಒಳ್ಳೇ ಸಿವಿ ಜಾಯಿಂಟೂ ಕಟಕಟ ಅನ್ನುತ್ತೆ. ಸ್ಟ್ಯಾಂಡನ್ನ ಸಸ್ಪೆನ್ಷನ್ ಆರ್ಮ್ ಕೆಳಗೆ ಕೊಟ್ಟು, ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ ಕೈಯಿಂದಲೇ ತಿರುಗಿಸಿ. ಇನ್ನೊಂದು ಕೈಯನ್ನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಮೇಲೆ ಇಟ್ಕೊಳ್ಳಿ. ಕೆಟ್ಟ ಬೇರಿಂಗಿನ ಗರಗರ ಕಿವಿಗೆ ಬೀಳೋ ಮುಂಚೆ ಅಂಗೈಗೆ ಗೊತ್ತಾಗುತ್ತೆ.

ಆಮೇಲೆ ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದ್ರೆ ಸಡಿಲ ಆಟ, ಇದ್ರೆ ಜೊತೆಗಿರೋರಿಗೆ ಬ್ರೇಕ್ ಒತ್ತೋಕೆ ಹೇಳಿ. ಬ್ರೇಕ್ ಒತ್ತಿದಾಗ ಪ್ಲೇ ಹೋದ್ರೆ ಬೇರಿಂಗ್. ಹೋಗದಿದ್ರೆ ಸಸ್ಪೆನ್ಷನ್ ಬುಶ್ ಅಥವಾ ಬಾಲ್ ಜಾಯಿಂಟ್. ಬ್ರೇಕ್ ಡಿಸ್ಕ್ ಚಕ್ರದ ಹತ್ತಿರವೇ ಇರೋ ಗಾಡಿಗೆ ಮಾತ್ರ ಇದು ನಡೆಯುತ್ತೆ.

ಲೆಕ್ಕಾಚಾರಿ
ನಾನು ಸದ್ದನ್ನ ಎಣಿಸ್ತೀನಿ. 26 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಹೋಗುತ್ತೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 1.3 ಸುತ್ತು. ಕಟ್... ಕಟ್... ಅಂತ ಆ ಲಯದಲ್ಲೇ ಬಂದ್ರೆ ಚಕ್ರ, ಹಬ್ ಅಥವಾ ಆಕ್ಸಲ್ ಕಡೆಯದು. ಅದರ ಮೂರು ನಾಲ್ಕು ಪಟ್ಟು ಬೇಗ ಬಂದ್ರೆ ಪ್ರೊಪೆಲ್ಲರ್ ಶಾಫ್ಟ್ ಅಥವಾ ಪಿನಿಯನ್ ಕಡೆಯದು, ಯಾಕಂದ್ರೆ ಡಿಫರೆನ್ಷಿಯಲ್‌ಗಿಂತ ಮುಂಚಿನ ಭಾಗ ಅಷ್ಟು ಜಾಸ್ತಿ ತಿರುಗುತ್ತೆ. ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಬ್ಬರು ತಳ್ಳಿ, ಇನ್ನೊಬ್ಬರು ಪಕ್ಕದಲ್ಲೇ ನಡೆದು ಕೇಳಿ.

ತಿರುಗುಚಕ್ರ
ಸಿವಿ ಅನುಮಾನ ಇದ್ರೆ ಎಡದ ಆಕ್ಸಲ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಬಹುದಲ್ಲ? ಸದ್ದೂ ಆ ಕಡೆ ಹೋದ್ರೆ ಖಾತ್ರಿ.

ಹಳೇಪಾನಾ
ಎಷ್ಟೋ ಗಾಡಿಯಲ್ಲಿ ಎರಡರ ಉದ್ದ ಬೇರೆ ಬೇರೆ. ಒಂದೇ ಇದ್ರೂ ಮೋಸ ಹೋಗ್ತೀರಿ. ಮುಂದಕ್ಕೆ ಹೋಗುವಾಗಿನ ಒತ್ತಡ ಜಾಯಿಂಟಿನ ಒಂದು ಮೈಯನ್ನ ಮಾತ್ರ ಸವೆಸಿರುತ್ತೆ. ಕಡೆ ಬದಲಿಸಿದ್ರೆ ಒತ್ತಡ ಸವೆಯದ ಮೈ ಮೇಲೆ ಬಿದ್ದು, ಕೆಟ್ಟ ಜಾಯಿಂಟೂ ಕೆಲವು ಕಾಲ ಸುಮ್ಮನಾಗುತ್ತೆ. ಮಾರೋ ಮುಂಚೆ ಕೆಲವರು ಇದನ್ನೂ ಮಾಡ್ತಾರೆ.

ಮಣ್ಣುಹಾದಿ
ನೋಡಿದೆ. ಬಲ ಹಿಂದಿನ ಚಕ್ರದಲ್ಲಿ ಪ್ಲೇ ಇದೆ, ಬ್ರೇಕ್ ಒತ್ತಿದ್ರೆ ಹೋಗುತ್ತೆ, ಸ್ಪ್ರಿಂಗ್ ಮೇಲೆ ಗರಗರ ಗೊತ್ತಾಗುತ್ತೆ. ಮ್ಯಾಗ್ನೆಟ್ ಮೇಲೆ ಪೇಸ್ಟ್ ಮಾತ್ರ, ಚೂರಿಲ್ಲ. ಎಡದ ಆಕ್ಸಲ್‌ನ ಹೊರಗಿನ ಬೂಟ್ ಸೀಳಿದೆ, ಒಳಗೆ ಗ್ರೀಸ್ ಬದಲು ಮರಳು. ಪ್ರೊಪೆಲ್ಲರ್ ಶಾಫ್ಟ್ ಹಿಡಿದು ತಿರುಚಿದ್ರೆ ಹಿಂದಿನ ಕ್ರಾಸ್ (ಶಾಫ್ಟ್ ತುದಿಯ ಅಡ್ಡಕೀಲು) ಹತ್ತಿರ ಟಕ್ ಅನ್ನುತ್ತೆ, ಅದರ ಕಪ್ ಸುತ್ತ ಕೆಂಪು ಪುಡಿ ಇದೆ.

ಹಳೇಪಾನಾ
ಕೆಂಪು ಪುಡಿ ಅಂದ್ರೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದು ಪುಡಿಯಾಗಿದೆ. ಠಣ್ ಅಲ್ಲಿಂದಲೇ. ಶಾಫ್ಟ್ ಕಳಚೋ ಮುಂಚೆ ಎರಡೂ ಕಡೆಗೆ ಬಣ್ಣದ ಗುರುತು ಹಾಕಿ. ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯೋ ಕವಲು) ಒಂದಕ್ಕೊಂದು ಸರಿಹೊಂದದೆ ಕೂತ್ರೆ ಹೊಸ ಕ್ರಾಸ್ ಹಾಕಿದ್ರೂ ನಡುಕ ಶುರುವಾಗುತ್ತೆ.

ಗ್ರೀಸ್‌ಕೈ
ಆಯಿಲ್ ಹೊಸದು ಅಂದ್ಮೇಲೆ ಮ್ಯಾಗ್ನೆಟ್ ಕ್ಲೀನ್ ಇರೋದ್ರಲ್ಲಿ ಏನು ವಿಶೇಷ? ಅವನು ಒರೆಸಿಟ್ಟಿರ್ತಾನೆ. ನಾನು ಇನ್ನೂ ಡಿಫರೆನ್ಷಿಯಲ್ ನಿರ್ದೋಷಿ ಅನ್ನಲ್ಲ. ಶಾಫ್ಟ್ ಹೇಗೂ ಇಳಿಸ್ತೀರಿ, ಆಗ ಪಿನಿಯನ್ ಯೋಕ್ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಎಳೆದು ನೋಡಿ. ಸ್ವಲ್ಪ ತಿರುಗೋ ಸಂದು ಇರಬಹುದು, ಆದ್ರೆ ಆ ನಾಲ್ಕು ದಿಕ್ಕಿಗೆ ಕೂದಲೆಳೆಯಷ್ಟೂ ಅಲ್ಲಾಡಬಾರದು.

ಹಳೇಪಾನಾ
ಇದು ಸರಿಯಾದ ಮಾತು. ಮಾಡಿ.

ಮಣ್ಣುಹಾದಿ
ಯೋಕ್ ಗಟ್ಟಿ ಇದೆ, ಅಲ್ಲಾಡಲ್ಲ. ಬೇರಿಂಗ್ ಮನೆಯಲ್ಲೇ ಹಾಕ್ಬಹುದಾ?

ಗ್ರೀಸ್‌ಕೈ
ಪ್ರೆಸ್ ಇದ್ರೆ ಹಾಕಿ. ಒಳಗಿನ ರೇಸ್ (ಬೇರಿಂಗಿನ ಉಂಗುರ) ಮೇಲೆ ಒತ್ತಿ ಹೌಸಿಂಗಿಗೆ ಕೂರಿಸಬೇಡಿ, ಗುಂಡುಗಳು ರೇಸಿನಲ್ಲಿ ಹಳ್ಳ ಮಾಡಿ ಹೊಸ ಬೇರಿಂಗೇ ಗುಂಯ್ ಅನ್ನುತ್ತೆ. ಹೊರಗಿನ ರೇಸ್ ಮೇಲೆ ಒತ್ತಿ. ಆಕ್ಸಲ್ ನಟ್‌ನ ಇಂಪ್ಯಾಕ್ಟ್ ಗನ್ ಹಿಡಿದು ಬಿಗಿಯೋದು ಬೇಡ. ಟಾರ್ಕ್ ವ್ರೆಂಚ್, ಮ್ಯಾನುಯಲ್‌ನಲ್ಲಿರೋ ಅಂಕಿ, ಹೊಸ ಪಿನ್. ಎಡದ ಆಕ್ಸಲ್‌ಗೆ ಬರೀ ಬೂಟ್ ಬದಲಿಸಿ ಮುಗಿಸ್ಬೇಡಿ, ಮರಳು ಕುಡಿದ ಜಾಯಿಂಟ್ ತೊಳೆದ್ರೆ ವಾಸಿಯಾಗಲ್ಲ.

ಕೆಸರುಗಾಲಿ
ಆ ಎರಡಿಂಚಿನ ಬ್ರಾಕೆಟ್ ಕೂಡ ಬಿಚ್ಚಿ ಪಕ್ಕಕ್ಕಿಡಿ. ಹೊಸ ಆಕ್ಸಲ್ ಹಾಕಿ ಅದೇ ಕೋನದಲ್ಲಿ ಓಡಿಸಿದ್ರೆ ಆ ಹೊಸ ಬೂಟೂ ಸೀಳೋಕೆ ಬಹಳ ಕಾಲ ಬೇಕಾಗಲ್ಲ.