ಡಿಶ್ ಮೂಲಕ ಕಲಬುರಗಿ ಆಕಾಶವಾಣಿ ಕೇಳಲು ಸಾಧ್ಯವೇ?

ಸೇಡಂ ತೊಗರಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಸೇಡಂ ತಾಲ್ಲೂಕಿನ ಹಳ್ಳಿ. ನಮ್ಮ ಮುತ್ಯಾ ಅವರಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾದ ಮೇಲೆ ಟಿವಿಯ ಗೊಡವೆ ಬಿಟ್ಟು ರೇಡಿಯೋವನ್ನೇ ನೆಚ್ಚಿಕೊಂಡಿದ್ದಾರೆ. 1966ರಲ್ಲಿ ಕಲಬುರಗಿ ಕೇಂದ್ರ ಆರಂಭವಾದಾಗಿನಿಂದ ಅವರದು ಅದೇ ಒಂದು ಕೇಂದ್ರ, ಮಧ್ಯಮ ತರಂಗದ (ಮೀಡಿಯಂ ವೇವ್) 1107 ಕಿಲೋಹರ್ಟ್ಸ್. ಆದರೆ ಕಳೆದ ಕೆಲವು ತಿಂಗಳಿಂದ ಸಂಜೆಯಾದರೆ ಸಾಕು, ಜೋಳ ಹುರಿದಂಥ ಸದ್ದು ಎದ್ದು ಮಾತೇ ಕೇಳಿಸುವುದಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನ ಅಷ್ಟು ತೊಂದರೆಯಿಲ್ಲ. ರೈತರ ಕಾರ್ಯಕ್ರಮ ಮಾತ್ರ ಸಂಜೆಯೇ ಬರುವುದರಿಂದ ಅವರ ಚಡಪಡಿಕೆ ನೋಡಲಾಗದು.

ಡಿಶ್‌ನಲ್ಲಿ ಆಕಾಶವಾಣಿಯೆಲ್ಲ ಬರುತ್ತದೆ ಎಂದು ಪರಿಚಯದವರೊಬ್ಬರು ಹೇಳಿದ ಮಾತು ನಂಬಿ ಡಿಡಿ ಫ್ರೀ ಡಿಶ್ ಹಾಕಿಸಿದೆ. ರಿಮೋಟ್‌ನಲ್ಲಿ ರೇಡಿಯೋ ಗುಂಡಿ ಒತ್ತಿದಾಗ ವಿವಿಧ ಭಾರತಿ, ಆಕಾಶವಾಣಿಯ ಕನ್ನಡ ವಾಹಿನಿ, ತೆಲುಗು, ಮರಾಠಿ, ಉರ್ದು ಎಲ್ಲವೂ ಸಿಕ್ಕವು. ಕಲಬುರಗಿ ಮಾತ್ರ ಸಿಗಲಿಲ್ಲ. ಮೂರು ಸಲ ಹೊಸದಾಗಿ ಚಾನೆಲ್ ಹುಡುಕಿಸಿದರೂ ಪಟ್ಟಿ ಬದಲಾಗಲಿಲ್ಲ. ಡಿಶ್‌ನ ದಿಕ್ಕು ತಪ್ಪಿದೆಯೇ? ತಿಂಗಳ ಹಣ ಕಟ್ಟುವ ಖಾಸಗಿ ಸೇವೆಗೆ ಬದಲಾಯಿಸಿದರೆ ಸಿಕ್ಕೀತೇ? ಕಲಬುರಗಿ ನಗರದ ಎಫ್‌ಎಂ ಕೇಂದ್ರಗಳೂ ಈ ದಾರಿಯಲ್ಲಿ ಬಂದರೆ ಮನೆಯ ಹುಡುಗರಿಗೂ ಸಂತೋಷ. ತಿಳಿದವರು ದಯವಿಟ್ಟು ತಿಳಿಸಬೇಕು.

ಬೀದರ್ ಡಿಶ್ ಕೆಲಸ:

ನಿಮ್ಮ ಡಿಶ್ ಸರಿಯಾಗಿಯೇ ಇದೆ, ದಯವಿಟ್ಟು ಅದನ್ನು ಅಲುಗಾಡಿಸಬೇಡಿ. ದಿಕ್ಕು ತಪ್ಪಿದ್ದರೆ ವಿವಿಧ ಭಾರತಿಯೂ ಬರುತ್ತಿರಲಿಲ್ಲ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಬೀದರ್, ಕಲಬುರಗಿ ಭಾಗದಿಂದ ನೋಡಿದರೆ ಅದು ಸರಿಸುಮಾರು ಆಗ್ನೇಯ ಮೂಲೆಯಲ್ಲಿ, ನೆಲದಿಂದ 62 ಡಿಗ್ರಿಯಷ್ಟು ಎತ್ತರದಲ್ಲಿದೆ. ಹತ್ತು ಹದಿನೈದು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವುದರಿಂದ ಮನೆಯ ಮಾಳಿಗೆ ಹತ್ತಿದ ಕೂಡಲೇ ನನ್ನ ಕೈ ತಾನಾಗಿ ಆ ಮೂಲೆಗೆ ಹೋಗುತ್ತದೆ.

ನಿಮ್ಮ ತೊಡಕು ಬೇರೆಯದೇ. ಉಪಗ್ರಹವೆಂಬುದು ಆಕಾಶದಲ್ಲಿ ಹಿಡಿದ ಕನ್ನಡಿಯಿದ್ದಂತೆ. ನೆಲದಿಂದ ಅದಕ್ಕೆ ಏನನ್ನು ಕಳಿಸಿದರೋ ಅದನ್ನಷ್ಟೇ ಅದು ಕೆಳಗೆ ಮರಳಿಸುತ್ತದೆ. ಫ್ರೀ ಡಿಶ್‌ನ ಎಲ್ಲ ವಾಹಿನಿಗಳನ್ನೂ ದೆಹಲಿಯ ತೋಡಾಪುರದಲ್ಲಿರುವ ಭೂಕೇಂದ್ರದಲ್ಲಿ ಒಟ್ಟುಗೂಡಿಸಿ ಮೇಲಕ್ಕೆ ಕಳಿಸುತ್ತಾರೆ, ಮತ್ತು ಆ ಪಟ್ಟಿ ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಒಂದೇ. ಅದರಲ್ಲಿ ಕನ್ನಡಕ್ಕೆಂದು ಇರುವ ಬಾನುಲಿ ವಾಹಿನಿ ಇಡೀ ರಾಜ್ಯವನ್ನು ಉದ್ದೇಶಿಸಿದ್ದು; ಸೇಡಂನ ತೊಗರಿಗೆ ಬಿದ್ದ ಹುಳುವಿನ ಬಗ್ಗೆ ಅದು ಮಾತನಾಡುವುದು ಅಪರೂಪ. ನೀವು ನೂರು ಸಲ ಹುಡುಕಿಸಿದರೂ ಮೇಲಕ್ಕೆ ಹೋಗದ ಕಾರ್ಯಕ್ರಮ ಕೆಳಗೆ ಇಳಿಯಲಾರದು. ಜಾಗದ ಕೊರತೆಯಿಂದ ಹೀಗಾಗಿದೆ ಎಂದು ಹೇಳುವವರಿದ್ದಾರೆ, ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಒಂದು ಟಿವಿ ವಾಹಿನಿ ತಿನ್ನುವ ಜಾಗದಲ್ಲಿ ಹತ್ತಾರು ರೇಡಿಯೋ ವಾಹಿನಿಗಳು ಕೂರುತ್ತವೆ.

ಖಾಸಗಿ ಡಿಟಿಎಚ್‌ಗೆ ಹೋಗುವುದರಿಂದಲೂ ಲಾಭವಿಲ್ಲ, ಅಲ್ಲಿಯ ವಾಹಿನಿಗಳೂ ದೇಶಕ್ಕೆಲ್ಲ ಒಂದೇ ಆಗಿ ಉಪಗ್ರಹದಿಂದ ಬರುವಂಥವು. ಎಫ್‌ಎಂ ಬಗ್ಗೆ ಕೇಳಿದ್ದೀರಿ. ಖಾಸಗಿ ಎಫ್‌ಎಂಗೆ ಸರ್ಕಾರ ಪರವಾನಗಿ ಕೊಡುವುದು ನಗರವಾರು; ಅವರ ವ್ಯಾಪಾರ, ಜಾಹೀರಾತು ಎಲ್ಲವೂ ಆ ನಗರದ ಸುತ್ತಲೇ, ಆದ್ದರಿಂದ ಡಿಶ್‌ನಲ್ಲಿ ಅವನ್ನು ನಿರೀಕ್ಷಿಸಬೇಡಿ. ಕಲಬುರಗಿಯ ಅಂತರ್ವಾಣಿಯಂಥ ಸಮುದಾಯ ಬಾನುಲಿಯ ಪ್ರೇಷಕಕ್ಕಂತೂ (ಟ್ರಾನ್ಸ್‌ಮಿಟರ್) ಸಾಮಾನ್ಯವಾಗಿ 100 ವ್ಯಾಟ್‌ನ ಮಿತಿಯಿದೆ, ಅದು ಸೇಡಂವರೆಗೆ ಬರಲಾರದು.

ಯಾದಗಿರಿ ಪಯಣಿಗ:

ಇಷ್ಟೆಲ್ಲ ಏಕೆ? ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್ ಮೊಬೈಲ್‌ನಲ್ಲಿ ಹಾಕಿಕೊಳ್ಳಿ. ಅದರಲ್ಲಿ ರಾಜ್ಯವಾರು ಪಟ್ಟಿಯಿದೆ, ಕರ್ನಾಟಕದ ಅಡಿಯಲ್ಲಿ ಕಲಬುರಗಿ ಕೇಂದ್ರವೂ ಇದೆ. ನಾನು ಪುಣೆಯಲ್ಲಿ ಕೆಲಸ ಮಾಡುವಾಗ ದಿನವೂ ಹೀಗೆಯೇ ಕೇಳುತ್ತಿದ್ದೆ. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರವಾದರೆ ಗಂಟೆಗೆ ಸುಮಾರು 29 ಎಂಬಿ ಖರ್ಚಾಗುತ್ತದೆ, ಈಗಿನ ದಿನದ ಪ್ಯಾಕ್‌ನಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಸುರಪುರದ ನಿವೃತ್ತ ಮಾಸ್ತರ:

ಪಯಣಿಗರ ಸಲಹೆ ಪುಣೆಯಲ್ಲಿರುವವರಿಗೆ ಸರಿ. ಆದರೆ ಕಣ್ಣು ಮಂಜಾದ ಹಿರಿಯರೊಬ್ಬರು ಗಾಜಿನ ಪರದೆಯ ಮೇಲೆ ಬೆರಳಾಡಿಸಿ ಆ್ಯಪ್ ತೆರೆಯಬೇಕೆಂದರೆ ಪ್ರತಿ ಸಂಜೆ ಮೊಮ್ಮಗನ ದಾರಿ ಕಾಯಬೇಕಾಗುತ್ತದೆ. ತಿರುಗಿಸಿದರೆ ಟಕ್ಕೆಂದು ಹತ್ತುವ ಗುಂಡಿಯ ಸುಖ ಅದರಲ್ಲಿಲ್ಲ. ಹಿಂದೆ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋ ಬಂದಿತ್ತು, ಅದರಲ್ಲಿ ಸ್ಪರ್ಶ ಎಂಬ ಕನ್ನಡ ವಾಹಿನಿಯೂ ಇತ್ತು. ನಾನೂ ಹುರುಪಿನಿಂದ ಆ ಪೆಟ್ಟಿಗೆ ಕೊಂಡೆ. 2009ರ ಕೊನೆಗೆ ಸೇವೆ ನಿಂತಿತು, ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ. ಆದ್ದರಿಂದ ಹೊಸ ಉಪಕರಣಕ್ಕೆ ಹಣ ಹಾಕುವ ಮುನ್ನ ಹಳೆಯದರ ಕಾಯಿಲೆ ಏನೆಂದು ನೋಡಬೇಕೆಂಬುದು ನನ್ನ ಅಭಿಪ್ರಾಯ.

ತಮ್ಮಾ, ನಿನ್ನ ಪ್ರಶ್ನೆಯಲ್ಲಿಯೇ ಒಂದು ಸುಳಿವು ಇದೆ: ಹಗಲು ಚೆನ್ನಾಗಿ ಕೇಳುತ್ತದೆ, ಸಂಜೆ ಕೇಳುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಮಧ್ಯಮ ತರಂಗಗಳು ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿ ದೂರದ ಕೇಂದ್ರಗಳು ಬಂದು ಬೆರೆಯುತ್ತವೆ ಎಂಬುದು ನಿಜ. ಆದರೆ ಹಾಗಾದಾಗ ಕೇಳುವುದು ಬೇರೆ ಭಾಷೆಯ ಮಾತು, ಹಾಡು, ಏರಿಳಿಯುವ ದನಿ. ಜೋಳ ಹುರಿದಂಥ ಒಂದೇ ಸಮನೆಯ ಸದ್ದಲ್ಲ. ಕಲಬುರಗಿಯ 20 ಕಿಲೋವ್ಯಾಟ್ ಪ್ರೇಷಕ ನಿಮ್ಮೂರಿನಿಂದ ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲಿರಬಹುದು. ಅಷ್ಟು ಹತ್ತಿರದ ಕೇಂದ್ರವನ್ನು ದೂರದವರು ಅಷ್ಟು ಸುಲಭವಾಗಿ ನುಂಗಲಾರರು. ಹಾಗಾದರೆ ಸಂಜೆಗೆ ಮನೆಯಲ್ಲಿ ಏನಾಗುತ್ತದೆ? ದೀಪ ಹಚ್ಚುತ್ತಾರೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಇವುಗಳೆಲ್ಲ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಬಾರಿ ಕತ್ತರಿಸಿ ಜೋಡಿಸುವ ಸಾಧನಗಳು. ಅವುಗಳಿಂದ ಹೊಮ್ಮುವ ಗದ್ದಲ ನೇರವಾಗಿ ಮಧ್ಯಮ ತರಂಗದ ಪಟ್ಟಿಯಲ್ಲಿಯೇ ಬಂದು ಬೀಳುತ್ತದೆ. ಡಿಶ್ ಹಾಕಿಸಿ ಮನೆಗೆ ಇನ್ನೊಂದು ಅಡಾಪ್ಟರ್ ತಂದಿದ್ದೀಯೆ, ರೇಡಿಯೋ ಅದರ ಪಕ್ಕದಲ್ಲಿಯೇ ಇದ್ದರೆ ಆಶ್ಚರ್ಯವಿಲ್ಲ.

ರೇಡಿಯೋಗೆ ಸೆಲ್ ಹಾಕಿ, ಸದ್ದು ಬರುವ ಹೊತ್ತಿನಲ್ಲಿ ಮನೆಯ ಮೇನ್ ಸ್ವಿಚ್ ಒಂದು ನಿಮಿಷ ತೆಗೆದು ನೋಡು. ಸದ್ದು ಅಡಗಿದರೆ ಕಳ್ಳ ಮನೆಯೊಳಗಿದ್ದಾನೆ. ಆಮೇಲೆ ಒಂದೊಂದೇ ದೀಪ ಹಚ್ಚುತ್ತ ಹೋದರೆ ಸಿಕ್ಕಿಬೀಳುತ್ತಾನೆ.

ಇನ್ನೊಂದು ಮಾತು. ಮಧ್ಯಮ ತರಂಗಕ್ಕೆ ಎಳೆದು ಉದ್ದ ಮಾಡುವ ಕಡ್ಡಿ ಆಂಟೆನಾದಿಂದ ಪ್ರಯೋಜನವಿಲ್ಲ. ಅದು ಎಫ್‌ಎಂ ಮತ್ತು ಕಿರು ತರಂಗಕ್ಕೆ ಮಾತ್ರ. ಊರೆಲ್ಲ ಆ ಕಡ್ಡಿಯನ್ನು ಎಳೆದೆಳೆದು ಮುರಿಯುವುದನ್ನು ನೋಡಿ ನೋಡಿ ಸಾಕಾಗಿದೆ. ಮಧ್ಯಮ ತರಂಗವನ್ನು ಹಿಡಿಯುವುದು ಪೆಟ್ಟಿಗೆಯೊಳಗೆ ಅಡ್ಡಲಾಗಿ ಮಲಗಿರುವ, ತಾಮ್ರದ ತಂತಿ ಸುತ್ತಿದ ಫೆರೈಟ್ ಕೋಲು. ಕೇಂದ್ರದ ಕಡೆಗೆ ಕೋಲಿನ ತುದಿ ಇದ್ದರೆ ದನಿ ಕುಗ್ಗುತ್ತದೆ, ಮಗ್ಗುಲು ಇದ್ದರೆ ಹಿಗ್ಗುತ್ತದೆ. ಸೇಡಂನಿಂದ ಕಲಬುರಗಿ ಪಶ್ಚಿಮಕ್ಕೆ, ತುಸು ವಾಯವ್ಯಕ್ಕೆ ಇರುವುದರಿಂದ ರೇಡಿಯೋದ ಉದ್ದನೆಯ ಬದಿ ದಕ್ಷಿಣೋತ್ತರವಾಗಿರುವಂತೆ ಇಟ್ಟು ಅಲ್ಲಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಬೇಕು. ತಗಡಿನ ಮಾಳಿಗೆಯ ಕೆಳಗಿಡುವುದಕ್ಕಿಂತ ಕಿಟಕಿಯ ಬಳಿ ಇಡುವುದು ಉತ್ತಮ.

ಸೇಡಂ ತೊಗರಿ:

ಗುರುಗಳೇ, ನೀವು ಹೇಳಿದಂತೆ ನಿನ್ನೆ ಸಂಜೆ ಏಳಕ್ಕೆ ಮೇನ್ ತೆಗೆದೆ. ಕತ್ತಲಲ್ಲಿ ನಮ್ಮ ಆಯಿ ಬೈಯುತ್ತಿದ್ದುದನ್ನು ಬಿಟ್ಟರೆ ರೇಡಿಯೋದಲ್ಲಿ ಬೇರೆ ಗದ್ದಲವೇ ಇರಲಿಲ್ಲ. ಜಾತ್ರೆಯಲ್ಲಿ ಐದು ತೆಗೆದುಕೊಂಡರೆ ಒಂದು ಉಚಿತವೆಂದು ಕೊಂಡಿದ್ದ ಬಲ್ಬುಗಳಲ್ಲಿ ಎರಡು ಪಡಸಾಲೆಯಲ್ಲಿದ್ದವು. ಅವೇ ಮುಖ್ಯ ಕಾರಣ. ಸೆಟ್‌ಟಾಪ್ ಬಾಕ್ಸ್‌ನದೂ ಸ್ವಲ್ಪ ಪಾಲಿದೆ, ರೇಡಿಯೋ ನಿಜವಾಗಿಯೂ ಅದರ ತಲೆಯ ಮೇಲೆಯೇ ಕುಳಿತಿತ್ತು. ಬಲ್ಬು ಬದಲಿಸಿ, ರೇಡಿಯೋವನ್ನು ಕಿಟಕಿಯ ಗೂಡಿನಲ್ಲಿ ನೀವು ಹೇಳಿದ ದಿಕ್ಕಿಗೆ ಇಟ್ಟಿದ್ದೇನೆ. ಸ್ವಲ್ಪ ಮಸುಕು ಉಳಿದಿದೆ, ಆದರೆ ಮಾತು ಪೂರ್ತಿ ತಿಳಿಯುತ್ತದೆ. ಮುತ್ಯಾ ಅವರು "ನಾ ಮೊದ್ಲೇ ಹೇಳಿದ್ದಿಲ್ಲೇನು, ರೇಡಿಯೋ ಛಲೋನೇ ಅದ" ಎಂದರು. ಅವರು ಹಾಗೆ ಎಂದೂ ಹೇಳಿರಲಿಲ್ಲ.

ಈಗ ಉಳಿದ ಪ್ರಶ್ನೆ ಒಂದೇ. ಡಿಶ್‌ನಲ್ಲಿ ಬರುವ ವಿವಿಧ ಭಾರತಿ ಬಹಳ ಸ್ವಚ್ಛವಾಗಿರುವುದರಿಂದ ಮಧ್ಯಾಹ್ನ ಅವರು ಅದನ್ನೂ ಕೇಳಬಯಸುತ್ತಾರೆ. ಬರೀ ಹಾಡಿಗೆಂದು ಅಷ್ಟು ದೊಡ್ಡ ಟಿವಿ ಹಚ್ಚಿಡಬೇಕೇ?

ಬೀದರ್ ಡಿಶ್ ಕೆಲಸ:

ಬೇಕಿಲ್ಲ. ಬಾಕ್ಸ್‌ನ ಹಿಂದೆ ಕೆಂಪು, ಬಿಳಿ, ಹಳದಿ ತೂತುಗಳಿದ್ದರೆ ಹಳದಿಯನ್ನು ಬಿಟ್ಟು ಕೆಂಪು ಮತ್ತು ಬಿಳಿಗೆ ವೈರ್ ಹಾಕಿ, ಇನ್ನೊಂದು ತುದಿಯನ್ನು ಸ್ಪೀಕರ್ ಪೆಟ್ಟಿಗೆಗೆ ಕೊಡಿ. ಟಿವಿ ಆರಿಸಿದರೂ ಹಾಡು ಬರುತ್ತದೆ. ಬಾಕ್ಸ್‌ನಲ್ಲಿ ಒಂದೇ ಸಣ್ಣ ತೂತಿದ್ದರೆ ಅದರ ಜೊತೆ ಬಂದ ಮೂರು ಕವಲಿನ ವೈರನ್ನೇ ಬಳಸಿ. ವಿವಿಧ ಭಾರತಿಯ ಚಾನೆಲ್ ಸಂಖ್ಯೆಯನ್ನು ಅವರಿಗೆ ಬಾಯಿಪಾಠ ಮಾಡಿಸಿದರೆ ರಿಮೋಟ್‌ನ ಗುಂಡಿಗಳನ್ನು ಕೈಯಿಂದ ತಡವಿಯೇ ಒತ್ತಬಹುದು; 5ರ ಗುಂಡಿಯ ಮೇಲೆ ಒಂದು ಚುಕ್ಕಿ ಉಬ್ಬಿರುತ್ತದೆ, ಇಲ್ಲದಿದ್ದರೆ ಒಂದು ಹನಿ ಫೆವಿಕಾಲ್ ಹಚ್ಚಿ ಒಣಗಿಸಿ.

ಜೋರು ಮಳೆ ಬಂದಾಗ ಡಿಶ್ ಕೆಲ ಹೊತ್ತು ನಿಲ್ಲುತ್ತದೆ, ಅದಕ್ಕೆ ಯಾರನ್ನೂ ಕರೆಸಬೇಡಿ. ಮತ್ತೊಂದು ವಿಷಯ: ಸಂಕೇತ 36,000 ಕಿಲೋಮೀಟರ್ ಮೇಲೆ ಹೋಗಿ ಮರಳಿ ಬರಬೇಕು, ಜೊತೆಗೆ ಬಾಕ್ಸ್ ಅದನ್ನು ಬಿಡಿಸಿ ಓದಬೇಕು. ಹೀಗಾಗಿ ವಾರ್ತೆಗೆ ಮುನ್ನ ಬರುವ ಟಿಕ್ ಟಿಕ್ ಸದ್ದು ಡಿಶ್‌ನಲ್ಲಿ ತಡವಾಗಿ ಕೇಳುತ್ತದೆ. ಮುತ್ಯಾ ಅವರು ಗಡಿಯಾರಕ್ಕೆ ಮುಳ್ಳು ಹೊಂದಿಸುವವರಾದರೆ ಹಳೆಯ ರೇಡಿಯೋವನ್ನೇ ನೋಡಿ ಹೊಂದಿಸಲಿ.