ಕಾರವಾರದ ಡಾಲ್ಫಿನ್: ಬೆನ್ನು ಕಪ್ಪು, ನೀರು ಬಿಳಿ. ಏನು ಬದಲಿಸಬೇಕು?

ಹುಬ್ಬಳ್ಳಿ_ಅಲೆಮಾರಿ: ನಿಕಾನ್ ಡಿ7500, 200-500 ಎಂಎಂ ಎಫ್ 5.6 ಜೂಮ್ ಲೆನ್ಸ್. ಕಾಳಿ ನದಿ ಕಡಲು ಸೇರುವಲ್ಲಿ ಸಂಜೆ ದೋಣಿಯಿಂದ ತೆಗೆದದ್ದು. ಡಾಲ್ಫಿನ್‌ಗಳು ಮೀನು ಅಟ್ಟಿಸಿಕೊಂಡು ಹೋಗುತ್ತಿದ್ದವು. ಕಣ್ಣಿಗೆ ಬೂದು ಬಣ್ಣ ಸ್ಪಷ್ಟವಾಗಿತ್ತು, ಫೋಟೊದಲ್ಲಿ ಬರೀ ಕರಿ ದಿಮ್ಮಿ, ಸುತ್ತ ನೀರೆಲ್ಲ ಸುಟ್ಟು ಬಿಳಿ. ಮ್ಯಾಟ್ರಿಕ್ಸ್ ಮೀಟರಿಂಗ್ (ಇಡೀ ಚಿತ್ರದ ಬೆಳಕು ಅಳೆಯುವುದು), ಶಟರ್ 1/800 ಸೆಕೆಂಡ್, ಆಟೊ ಐಎಸ್‌ಒ (ಬೆಳಕಿನ ಸಂವೇದನೆ ಕ್ಯಾಮೆರಾಗೇ ಬಿಟ್ಟದ್ದು), ಎಎಫ್-ಸಿ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್) 51 ಪಾಯಿಂಟ್. ಫೋಕಸ್ ಹೆಚ್ಚಿನ ಸಲ ಎದುರಿನ ಅಲೆಗೆ ಹೋಗಿದೆ. ಹೊಳಪು ಕಡಿಯುವ ಸಿಪಿಎಲ್ (ಪೋಲರೈಸರ್) ಫಿಲ್ಟರ್ ತಗೊಂಡರೆ ಸರಿಹೋಗುತ್ತಾ?

ಉಪ್ಪುಗಾಳಿ: ಮೊದಲು ಇದು ಹೇಳಿ, ಸೂರ್ಯ ಎಲ್ಲಿದ್ದ?

ಹುಬ್ಬಳ್ಳಿ_ಅಲೆಮಾರಿ: ಎದುರಿಗೇ. ಕೂರ್ಮಗಡ ದ್ವೀಪದ ಕಡೆ ಮುಖ ಮಾಡಿ ತೆಗೆದದ್ದು.

ಉಪ್ಪುಗಾಳಿ: ಹಾಗಾದರೆ ಸಿಪಿಎಲ್ ದುಡ್ಡು ಉಳಿಸಿ. ನೀರಿನ ಹೊಳಪನ್ನು ಅದು ಚೆನ್ನಾಗಿ ಕಡಿಯುವುದು ನೀವು ಸುಮಾರು 37 ಡಿಗ್ರಿ ಕೆಳಮುಖವಾಗಿ ನೋಡಿದಾಗ. ದೋಣಿಯಲ್ಲಿ ಕೂತು ಐವತ್ತು ಮೀಟರ್ ಆಚೆ ನೋಡುವಾಗ ನಿಮ್ಮ ನೋಟ ನೀರಿಗೆ ಹೆಚ್ಚುಕಡಿಮೆ ಸಮಾನಾಂತರ. ಲಾಭ ಅಷ್ಟಕ್ಕಷ್ಟೇ, ಒಂದೂವರೆ ಸ್ಟಾಪ್ (ಅರ್ಧಕ್ಕಿಂತ ಹೆಚ್ಚು) ಬೆಳಕು ಮಾತ್ರ ಖರ್ಚು.

ಕ್ಯಾಮೆರಾಗಿಂತ ಮೊದಲು ದೋಣಿಯ ಜಾಗ ಬದಲಾಗಬೇಕು. ನಮ್ಮ ಕರಾವಳಿಯಲ್ಲಿ ಬೆಳಗ್ಗೆ ಬೆಳಕು ದಡದ ಕಡೆಯಿಂದ, ಸಂಜೆ ಕಡಲ ಕಡೆಯಿಂದ. ಸಂಜೆ ಡಾಲ್ಫಿನ್‌ಗಳಿಗಿಂತ ಆಚೆ, ಕಡಲ ಬದಿಗೆ ಹೋಗಿ ದಡದತ್ತ ತಿರುಗಿ. ಹಿನ್ನೆಲೆಗೆ ಗುಡ್ಡದ ಹಸಿರು ಬರುತ್ತದೆ, ನೀರು ಕಪ್ಪುಹಸಿರಾಗುತ್ತದೆ, ಬೂದು ಬೆನ್ನು ಎದ್ದು ಕಾಣುತ್ತದೆ. ಬೆಳಗ್ಗೆ ಇದೇ ಲೆಕ್ಕ ಉಲ್ಟಾ, ಆದರೆ ಸಹ್ಯಾದ್ರಿ ದಾಟಿ ಬಿಸಿಲು ನೀರಿಗೆ ಬೀಳುವುದು ಸ್ವಲ್ಪ ತಡ.

ಶಟರ್ 1/2000, ಎಫ್ 6.3, ಮ್ಯಾನುಯಲ್ ಮೋಡ್‌ನಲ್ಲಿ ಆಟೊ ಐಎಸ್‌ಒ, ಮಿತಿ 3200. ಕಪ್ಪು ಹಿನ್ನೆಲೆ ಕಂಡ ಕೂಡಲೇ ಮೀಟರ್ ಬೆಳಕು ಏರಿಸಿ ಒದ್ದೆ ಬೆನ್ನಿನ ಮಿಂಚನ್ನು ಸುಟ್ಟುಬಿಡುತ್ತದೆ. ಅದಕ್ಕೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಮೀಟರ್ ಲೆಕ್ಕವನ್ನು ತಿದ್ದುವುದು) -0.7 ಇಡಿ. ರಾ ಫೈಲ್ (ಆಮೇಲೆ ತಿದ್ದಲು ಅನುಕೂಲವಾದ ಮೂಲ ಫೈಲ್) ಅಂತೂ ಬೇಕೇ ಬೇಕು.

ರೀವಹಕ್ಕಿ: ಫೋಕಸ್ ಬಗ್ಗೆ ನನ್ನದೊಂದು ಮಾತು. 51 ಪಾಯಿಂಟ್ ಬಿಡಿ, ಗ್ರೂಪ್ ಏರಿಯಾ (ಕೆಲವೇ ಪಾಯಿಂಟ್‌ಗಳ ಗುಂಪು) ಹಾಕಿ. ಲೆನ್ಸ್‌ನ ಫೋಕಸ್ ದೂರದ ಲಿಮಿಟರ್ 6 ಮೀಟರ್‌ನಿಂದ ಅನಂತಕ್ಕೆ, ವಿಆರ್ (ಅಲುಗಾಟ ತಡೆ) ಸ್ಪೋರ್ಟ್ ಮೋಡ್‌ಗೆ. ಫೋಕಸ್ ಅನ್ನು ಕ್ಯಾಮೆರಾದ ಹಿಂಬದಿಯ ಬಟನ್‌ಗೆ ಕೊಡಿ. ಡಾಲ್ಫಿನ್ ಮುಳುಗಿದ ತಕ್ಷಣ ಹೆಬ್ಬೆರಳು ಎತ್ತಿ. ಆಗ ಫೋಕಸ್ ಅದೇ ದೂರದಲ್ಲಿ ನಿಂತಿರುತ್ತದೆ, ಖಾಲಿ ನೀರಿನಲ್ಲಿ ಹುಡುಕಾಡುವುದಿಲ್ಲ.

ಇಲ್ಲಿಯವು ಹಂಪ್‌ಬ್ಯಾಕ್ ಡಾಲ್ಫಿನ್‌ಗಳು. ಉಸಿರಿಗೆ ಬರುವಾಗ ಮೊದಲು ಮೂತಿ ಓರೆಯಾಗಿ ನೀರು ಸೀಳುತ್ತದೆ, ಆಮೇಲೆ ತಲೆ, ಆಮೇಲೆ ಆ ಉದ್ದ ಡುಬ್ಬ, ಅದರ ಮೇಲ್ತುದಿಯಲ್ಲಿ ಪುಟ್ಟ ರೆಕ್ಕೆ. ಮೂತಿ ಕಂಡಾಗಲೇ ಒತ್ತಬೇಕು, ಡುಬ್ಬ ಕಂಡ ಮೇಲೆ ಒತ್ತಿದರೆ ಮುಖ ಹೋಗಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ಸಲ ಬೇಗ ಬೇಗ ಮೇಲೆ ಬಂದು ಆಮೇಲೆ ಉದ್ದ ಮುಳುಗು. ಮೊದಲನೆಯದಕ್ಕೆ ಗುರಿ ಇಟ್ಟುಕೊಳ್ಳಿ, ಚಿತ್ರ ಎರಡನೆಯದರಲ್ಲಿ. ಮೀನು ಹಿಡಿಯುವಾಗ ಮಾತ್ರ ಈ ಲೆಕ್ಕವೂ ತಪ್ಪುತ್ತದೆ, ಗಿರಕಿ ಹೊಡೆಯುತ್ತವೆ. ಆಗ ಡಾಲ್ಫಿನ್ ನೋಡಬೇಡಿ, ನೀರಿನಿಂದ ಚಿಮ್ಮುವ ಮೀನು ನೋಡಿ, ಮೇಲೆ ರೀವ, ಗರುಡ ಹಕ್ಕಿಗಳು ಎಲ್ಲಿ ಎರಗುತ್ತಿವೆ ನೋಡಿ. 500ಕ್ಕೆ ಜೂಮ್ ಮಾಡಿ ಕೂತರೆ ಇದ್ಯಾವುದೂ ಕಾಣಲ್ಲ, 300ರ ಆಸುಪಾಸು ಸಾಕು.

ದೋಣಿಗ: "ಆಚೆ ಹೋಗಿ" ಅಂದದ್ದಕ್ಕೆ ಒಂದು ಸೇರಿಸ್ತೇನೆ. ಗುಂಪಿನ ನಡುವೆ ಸೀಳಿಕೊಂಡು ಹೋಗೋದಲ್ಲ, ದೂರದಿಂದ ಸುತ್ತು ಹಾಕಿ ಹೋಗೋದು. ಎದುರಿಗೆ ಅಡ್ಡ ಹಾಕಿದರೆ ಮೀನು ಚದುರುತ್ತೆ, ಅವು ಬೇಟೆ ಬಿಟ್ಟು ಹೊರಡ್ತವೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ, ಪ್ರಾಣಿ ಅದು. ಪಕ್ಕದಲ್ಲಿ ಸಮಾನ ವೇಗದಲ್ಲಿ ಹೋಗಿ, ಎಂಜಿನ್ ಇಳಿಸಿ ಕಾಯಿರಿ. ಟಿಪ್ಸ್ ಜಾಸ್ತಿ ಕೊಡ್ತೇನೆ ಅಂತ ಓಡಿಸೋಕೆ ಹೇಳುವವರೇ ನಮಗೆ ತಲೆನೋವು.

ಹುಬ್ಬಳ್ಳಿ_ಅಲೆಮಾರಿ: ಎಲ್ಲರಿಗೂ ಥ್ಯಾಂಕ್ಸ್. ಮತ್ತೆ ಹೋಗಿದ್ದೆ, ದಡದ ಕಡೆ ಮುಖ ಮಾಡಿ ತೆಗೆದೆ. ಚರ್ಮದ ಮೇಲಿನ ಗೀರುಗಳೂ ಬಂದಿವೆ! ಆದರೆ ಸೂರ್ಯ ಮುಳುಗಿದ ಮೇಲೆ ಐಎಸ್‌ಒ 3200ಕ್ಕೆ ತಾಗಿ ಕತ್ತಲಾಗತೊಡಗಿತು. ಮಿತಿ ಏರಿಸಲಾ?

ಉಪ್ಪುಗಾಳಿ: ಬೇಡ, ಆಗ ಮತ್ತೆ ಪಡುವಣಕ್ಕೆ ತಿರುಗಿ. ಆಕಾಶಕ್ಕೆ ಎಕ್ಸ್‌ಪೋಷರ್ ಲಾಕ್ ಮಾಡಿ, 1/1000 ಸಾಕು. ಈ ಜಾತಿಯ ಗುರುತೇ ಡುಬ್ಬ, ನೆರಳಚಿತ್ರದಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಹಳೆಯ ಕರಿ ದಿಮ್ಮಿ ಫೈಲ್‌ಗಳನ್ನು ಅಳಿಸಿಲ್ಲ ತಾನೇ? ನೀರು ಪೂರ್ತಿ ಸುಡದ ಒಂದೆರಡು ರಾ ಇದ್ದರೆ ಹಾಕಿ, ಹೈಲೈಟ್ (ತೀರಾ ಬಿಳಿಯಾದ ಭಾಗ) ಇಳಿಸಿ ನೋಡೋಣ.