ಸಹಾಯ ಬೇಕು: ಎಲ್‌ಎಲ್‌ಎಂ, ಬಾರ್ ಪರೀಕ್ಷೆ ಮತ್ತು ಒಪಿಟಿ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಕಾನೂನು ಪದವಿ ಮುಗಿಸಿ, ಈಗ ನ್ಯೂಯಾರ್ಕ್‌ನಲ್ಲಿ ಎಫ್-1 (ವಿದ್ಯಾರ್ಥಿ) ವೀಸಾದ ಮೇಲೆ ಎಲ್‌ಎಲ್‌ಎಂ ಓದುತ್ತಿದ್ದೇನೆ. ಮೇ ಮಧ್ಯದಲ್ಲಿ ಕೋರ್ಸ್ ಮುಗಿಯುತ್ತದೆ, ಜುಲೈ ಕೊನೆಗೆ ವಕೀಲಿಕೆಯ ಪರವಾನಗಿಗೆ ಬರೆಯಬೇಕಾದ ಬಾರ್ ಪರೀಕ್ಷೆ. ತಲೆ ತಿನ್ನುತ್ತಿರುವುದು ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಮೆರಿಕದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿ. ಕೋರ್ಸ್ ಮುಗಿದ 60 ದಿನದೊಳಗೆ ಅದು ಶುರುವಾಗಲೇಬೇಕು. ಕೆಲಸವಿಲ್ಲದೆ ಒಟ್ಟು 90 ದಿನ ಮೀರುವಂತಿಲ್ಲ. ಶುರುವಾಗುವ ದಿನವನ್ನು ಜುಲೈ ಮಧ್ಯಕ್ಕೆ ಹಾಕಿಸಿದರೂ ಅಕ್ಟೋಬರ್ ಮಧ್ಯಕ್ಕೆ ಗಡುವು ಮುಗಿಯುತ್ತದೆ, ಬಾರ್ ಫಲಿತಾಂಶ ಬರುವುದೇ ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ!

ಓದಿಗೆ ಸಂಬಂಧಪಟ್ಟ, ವಾರಕ್ಕೆ ಕನಿಷ್ಠ 20 ಗಂಟೆಯ ಸಂಬಳವಿಲ್ಲದ ಸೇವೆಯೂ ಕೆಲಸವೆಂದೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಉಚಿತ ಕಾನೂನು ನೆರವು ಸಂಸ್ಥೆಯೊಂದಕ್ಕೆ ಸೇರುವ ಯೋಚನೆ. ಬಾಡಿಗೆದಾರರ ಪರ ನಿಲ್ಲುವ ಕಡೆ ಸಿಕ್ಕರಂತೂ ಬಹಳ ಸಂತೋಷ. ಈ ದಾರಿ ಹಿಡಿದವರಿದ್ದರೆ, ಸಂಸ್ಥೆಯಿಂದ ಯಾವ ಪತ್ರ ಬರೆಸಿಕೊಂಡಿರಿ, ಯಾವ ತಿಂಗಳಿಂದ ವಿಚಾರಿಸಿದಿರಿ ಅಂತ ದಯವಿಟ್ಟು ತಿಳಿಸಿ.